ಶಶಿ, ಬಾ

ಹೊಳೆಯ ದಡದ ಆಶ್ರಮದಲ್ಲಿ ಮಹಾಬಲಾಚಾರ್ಯರು ವ್ಯಾಕರಣ ಕಲಿಸುತ್ತಿದ್ದರು. ಅವರು ಹೆಸರು ಹಿಡಿದು ಕರೆಯದೆ ಯಾವ ಶಿಷ್ಯನೂ ಹಿರಿಯ ಗ್ರಂಥವನ್ನು ಮುಟ್ಟುವಂತಿರಲಿಲ್ಲ. ಶಶಿ ಎಂಬ ಶಿಷ್ಯನು ಆ ಕರೆಗಾಗಿ ಮೂರು ವರ್ಷ ಕಾದಿದ್ದನು.

ಒಂದು ಬೆಳಿಗ್ಗೆ ಗುರುಗಳು ಗ್ರಂಥವನ್ನು ಬಿಚ್ಚಿ ಕರೆದರು.

“ಶಶಿ, ಬಾ.”

ಇಬ್ಬರು ಎದ್ದರು. ಹಿಂದಿನ ವಾರ ಸೇರಿದ್ದ ಹುಡುಗಿಯ ಹೆಸರೂ ಶಶಿ.

ಸಹಪಾಠಿಗಳು ಗೊಳ್ಳೆಂದು ನಕ್ಕರು. ಶಿಷ್ಯನು ನಾಚಿ ಕುಳಿತುಬಿಟ್ಟನು. ಹುಡುಗಿ ಹೋಗಿ ಮೊದಲ ಸೂತ್ರವನ್ನು ಓದಿದಳು.

ಪಾಠ ಮುಗಿದ ಮೇಲೆ ಆತನು ಹೊಳೆಯ ಮೆಟ್ಟಿಲ ಬಳಿ ಗುರುಗಳನ್ನು ಕಂಡನು.

“ಗುರುಗಳೇ, ನನ್ನ ಹೆಸರನ್ನು ಬದಲಿಸಿ. ಶಶಿಧರ ಎಂದಿಡಿ. ಅದಾದರೆ ಗಂಡಸಿನ ಹೆಸರು.”

“ಶಶಿಧರ ಎಂದರೆ ಚಂದ್ರನನ್ನು ಹೊತ್ತವನು. ನಿನ್ನೆ ನಿನ್ನ ಸರದಿಯ ಕೊಡವನ್ನು ಯಾರು ಹೊತ್ತರು?”

“ಅವಳು.”

“ಶಶಿ ಎಂದರೇನು?”

“ಶಶ ಎಂದರೆ ಮೊಲ. ಮೊಲದ ಗುರುತುಳ್ಳವನು ಶಶಿ, ಎಂದರೆ ಚಂದ್ರ.”

“ಆ ಮೊಲ ಗಂಡೋ, ಹೆಣ್ಣೋ?”

“ನಾನು ಓದಿದ ಯಾವ ಕೋಶವೂ ಹೇಳಿಲ್ಲ. ಆದರೆ ಸಂಸ್ಕೃತದಲ್ಲಿ ಶಶಿ ಪುಲ್ಲಿಂಗ, ಗುರುಗಳೇ!”

“ಸರಿಯಾಗಿದೆ. ನಿನ್ನ ತಾಯಿ ನಿನ್ನನ್ನು ಊಟಕ್ಕೆ ಕರೆಯುತ್ತಿದ್ದುದು ಸಂಸ್ಕೃತದಲ್ಲೋ?”

“ಅಲ್ಲ. ಕನ್ನಡದಲ್ಲಿ.”

“ಹಾಗಾದರೆ ‘ಬರು’ ಧಾತುವಿನ ರೂಪಗಳನ್ನು ಹೇಳು.”

“ಬಂದನು. ಬಂದಳು.”

“ಗಂಡನ್ನು ಕರೆಯುವಾಗ?”

“ಬಾ.”

“ಹೆಣ್ಣನ್ನು?”

ಶಿಷ್ಯನು ಬೆರಳು ಮಡಿಚಿ ರೂಪಗಳನ್ನು ಎಣಿಸಿ ನೋಡಿದನು.

“ಬಾ.”

ಗುರುಗಳು ಮೆಟ್ಟಿಲೇರಿ ಹೋಗಿ ಗ್ರಂಥದ ಮುಂದೆ ಕುಳಿತರು. ಅಲ್ಲಿಂದ ಗಟ್ಟಿಯಾಗಿ ಕರೆದರು.

“ಶಶಿ, ಬಾ!”

ಹುಡುಗಿ ಕೊಟ್ಟಿಗೆಯಿಂದ ಸೆಗಣಿಗೈಯಲ್ಲೇ ಓಡಿಬಂದಳು. ಆ ಹೊಳೆಯ ಮುದಿ ಅಂಬಿಗನ ಹೆಸರೂ ಶಶಿಯೇ. ಅವನು ದೋಣಿಯ ಹುಟ್ಟನ್ನು ಹೆಗಲಿಗೇರಿಸಿಕೊಂಡು ಬಂದನು.

“ಯಾರು ದಾಟಬೇಕು, ಸ್ವಾಮೀ?”

ಸಹಪಾಠಿಗಳ ನಗು ಬೆಳಗಿನದಕ್ಕಿಂತ ಜೋರಾಯಿತು. ಶಿಷ್ಯನು ಈ ಬಾರಿ ನಾಚಲಿಲ್ಲ. ತಾನೂ ನಗುತ್ತ, ಎರಡೆರಡು ಮೆಟ್ಟಿಲು ಹಾರಿ ಬಂದು, ಹುಡುಗಿಯ ಪಕ್ಕದಲ್ಲಿ ಕುಳಿತನು.

ಗುರುಗಳು ಮೊದಲ ಸೂತ್ರದ ಮೇಲೆ ಬೆರಳಿಟ್ಟರು.

ಶಿಷ್ಯನಿಗೆ ಒಂದು ಸಂದೇಹ ಉಳಿದಿತ್ತು.

“ಗುರುಗಳೇ, ಬೆಳಿಗ್ಗೆ ನೀವು ಕರೆದದ್ದು ಯಾರನ್ನು?”

“ಬಂದವರನ್ನು.”