ಹೊಳೆ ದಾಟಬೇಕಾದ ಅರಸ

ಗಿರಿದುರ್ಗದ ಅರಸ ಸೋಮಭೂಪನಿಗೆ ಒಂದು ಮಾತು ಬಹಳ ಇಷ್ಟ. ಒಡ್ಡೋಲಗ ಸೇರಿದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದ: "ಈ ಅರಮನೆ ನನ್ನದಲ್ಲ, ನನ್ನ ಪ್ರಜೆಗಳದ್ದು. ನಾನು ಬರೀ ಕಾವಲುಗಾರ!"

ಸಭೆ ಚಪ್ಪಾಳೆ ತಟ್ಟುತ್ತಿತ್ತು. ಆ ಚಪ್ಪಾಳೆ ಕೇಳದಿದ್ದರೆ ಅರಸನಿಗೆ ಅಂದಿನ ಊಟವೇ ರುಚಿಸುತ್ತಿರಲಿಲ್ಲ.

ಒಂದು ದಿನ ಬೀಗರ ಕಡೆಯಿಂದ ಸುದ್ದಿ ಬಂತು: ಹುಣ್ಣಿಮೆಗೆ ನಿಮ್ಮೂರಿಗೆ ಬರುತ್ತಿದ್ದೇವೆ.

ಅರಸನಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು. ಬೀಗರು ಬರಬೇಕಾದದ್ದು ಕೋಟೆ ಬಾಗಿಲಿನಿಂದ. ಆ ಬಾಗಿಲಿನ ಕಮಾನಿನ ಕೆಳಗೆ ಸೂರಿಲ್ಲದವರ ದೊಡ್ಡ ಗುಂಪೇ ಬಿಡಾರ ಹೂಡಿತ್ತು. ಹೊಳೆ ಉಕ್ಕಿ ಗುಡಿಸಲು ಕಳೆದುಕೊಂಡವರು, ಯುದ್ಧದಲ್ಲಿ ಕಾಲು ಹೋಗಿ ಕೆಲಸ ಸಿಗದ ಸಿಪಾಯಿಗಳು, ಹಿಂದೆ ಮುಂದೆ ಯಾರೂ ಇಲ್ಲದ ಮುದುಕಿಯರು. ಕಲ್ಲು ಕಮಾನಿಗೆ ಹರಕು ಸೀರೆಗಳ ತೋರಣ!

"ಇದನ್ನು ನೋಡಿದರೆ ಬೀಗರು ಏನಂದುಕೊಂಡಾರು?" ಎಂದು ಅರಸ ಕೈ ಹಿಸುಕಿಕೊಂಡ.

ಬೊಕ್ಕಸ ನೋಡಿಕೊಳ್ಳುತ್ತಿದ್ದ ಭಂಡಾರಿ ತಿಪ್ಪರಸ ಮುಂದೆ ಬಂದ. ಬೊಕ್ಕಸದ ಬೀಗ ತೆಗೆಯುವಾಗಲೆಲ್ಲ ತನ್ನ ಹಲ್ಲನ್ನೇ ಕಿತ್ತಂತೆ ಮುಖ ಮಾಡುತ್ತಿದ್ದ ಮನುಷ್ಯ ಅವನು.

"ಇದಕ್ಕೇಕೆ ಚಿಂತೆ, ಪ್ರಭು? ಸ್ವಂತ ಮನೆ ಇಲ್ಲದವರೆಲ್ಲ ನಾಳೆ ಮಧ್ಯಾಹ್ನದೊಳಗೆ ಹೊಳೆ ದಾಟಿ ಆಚೆ ದಡಕ್ಕೆ ಹೋಗಲಿ ಎಂದು ಡಂಗುರ ಹೊಡೆಸಿ. ಬೊಕ್ಕಸಕ್ಕೆ ಬಿಡಿಗಾಸಿನ ಖರ್ಚಿಲ್ಲ."

ಅರಸ ತೊಡೆ ತಟ್ಟಿದ. "ಭಲೇ! ಕೇತಯ್ಯ ಎಲ್ಲಿ? ಈ ಕೆಲಸ ಅವನೇ ಮಾಡಲಿ."

ಕೇತಯ್ಯ ಆಸ್ಥಾನದ ಜಾಣ. ಮೈ ಸಣ್ಣ, ನಾಲಿಗೆ ಚುರುಕು. ಅಪ್ಪಣೆಯನ್ನು ಪೂರ್ತಿ ಕೇಳಿಸಿಕೊಂಡು, ತಲೆ ಕೆರೆದುಕೊಂಡ.

"ಒಂದು ಸಂದೇಹ, ಪ್ರಭು. ಸ್ವಂತ ಮನೆ ಇಲ್ಲದವರು ಯಾರಾದರೂ ಸರಿಯೇ? ಆಮೇಲೆ ಇವರು ದೊಡ್ಡವರು, ಅವರು ಬೇಕಾದವರು ಅನ್ನಬಾರದು."

"ಯಾರಾದರೂ ಸರಿ! ನನ್ನ ಸೋದರಮಾವನಾದರೂ ಸರಿ! ಮನೆಯಿದ್ದವರು ಊರೊಳಗೆ, ಇಲ್ಲದವರು ಹೊಳೆಯಾಚೆ. ಹೋಗು!"

ಮಾರನೆಯ ದಿನ ಅರಸ ತೋಟದಿಂದ ಹಿಂದಿರುಗಿ ಅರಮನೆಯ ಮೆಟ್ಟಿಲು ಹತ್ತಿದವನು ಅಲ್ಲೇ ನಿಂತುಬಿಟ್ಟ. ಹಜಾರದ ತುಂಬ ಜನ. ಕಂಬದಿಂದ ಕಂಬಕ್ಕೆ ಹರಕು ಸೀರೆ ಒಣಗುತ್ತಿದೆ. ಅವನ ಪ್ರೀತಿಯ ತೂಗುಮಂಚದ ಮೇಲೆ ಭೈರಮ್ಮ ಎಂಬ ಮುದುಕಿ ಕಾಲು ಚಾಚಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದಾಳೆ. ಬಾಗಿಲಲ್ಲಿ ಒಂದು ಎತ್ತಿನ ಬಂಡಿ. ಪಕ್ಕದಲ್ಲಿ ಕೈ ಮುಗಿದು ನಿಂತ ಕೇತಯ್ಯ. ಸುತ್ತ ಇಡೀ ಊರು.

"ಏನಿದು ಕೇತಯ್ಯ? ಇವರೆಲ್ಲ ಇಲ್ಲಿ ಯಾಕಿದ್ದಾರೆ?"

"ಮನೆಯಿದ್ದವರು ಊರೊಳಗೆ ಎಂದು ತಾವೇ ಹೇಳಿದಿರಿ. ಅರಮನೆ ಪ್ರಜೆಗಳದ್ದು ಎಂದೂ ತಾವೇ ಹೇಳಿದ್ದೀರಿ. ಇಷ್ಟು ದೊಡ್ಡ ಮನೆ ಇಟ್ಟುಕೊಂಡು ಪಾಪ, ಇವರು ಕೋಟೆ ಬಾಗಿಲಲ್ಲಿ ಮಲಗುತ್ತಿದ್ದರು! ವಿಚಾರ ತಿಳಿಸಿ ಕರೆದುಕೊಂಡು ಬಂದೆ."

"ಹಾಗಾದರೆ ಈ ಬಂಡಿ ಯಾರಿಗೆ?"

"ತಮಗೇ, ಪ್ರಭು. ಊರೆಲ್ಲ ಹುಡುಕಿದೆ. ಸ್ವಂತ ಮನೆ ಇಲ್ಲದ ಮನುಷ್ಯ ಅಂತ ಉಳಿದವರು ತಾವೊಬ್ಬರೇ. ಮಧ್ಯಾಹ್ನವಾಗುತ್ತಾ ಬಂತು. ಹೊಳೆ ದಾಟಿಸಬೇಕು, ದಯಮಾಡಿ ಹತ್ತಿ."

ಅರಸನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಅರಮನೆ ನನ್ನದು ಎಂದರೆ ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಅಲ್ಲ ಎಂದರೆ ಬಂಡಿ ಹತ್ತಬೇಕು. ಸಹಾಯಕ್ಕೆಂದು ಬಂಡಿಯ ಬಳಿ ನಿಂತಿದ್ದ ತಿಪ್ಪರಸನ ಕಡೆ ನೋಡಿದ. ತಿಪ್ಪರಸ ಎತ್ತಿನ ಕೊಂಬನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

ಕೇತಯ್ಯ ಒಳಗೆ ತಿರುಗಿ ಕೂಗಿದ: "ಭೈರಮ್ಮಾ, ಇಲ್ಲೊಬ್ಬರಿಗೆ ಮನೆಯಿಲ್ಲವಂತೆ. ನಿಮ್ಮ ಮನೆಯಲ್ಲಿ ಒಂದಿಷ್ಟು ಜಾಗ ಕೊಡ್ತೀರಾ?"

ಭೈರಮ್ಮ ಕುಟ್ಟುವುದನ್ನು ನಿಲ್ಲಿಸಿ ಅರಸನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಅವಳ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ತೂಗುಮಂಚದಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಬಾರಪ್ಪ, ಬಾ. ಇದ್ದುದರಲ್ಲೇ ಹೊಂದಿಕೊಂಡರಾಯ್ತು. ಬೀದಿಯಲ್ಲಿ ಮಲಗೋ ಕಷ್ಟ ಶತ್ರೂಗೂ ಬೇಡ ಕಣಪ್ಪ."

ನಗಲು ಬಾಯಿ ತೆರೆದಿದ್ದ ಜನ ಅರಸನಿಗೆ ದಾರಿ ಬಿಟ್ಟರು. ಅರಸ ಮೆಲ್ಲಗೆ ಹೋಗಿ ಅವಳ ಪಕ್ಕ ಕೂತ. ಕೋಟೆ ಬಾಗಿಲಲ್ಲಿ ದಿನವೂ ಕುದುರೆ ಏರಿ ಇವಳನ್ನು ದಾಟಿ ಹೋಗಿದ್ದ. ಇವಳ ಮುಖವನ್ನು ನೋಡಿದ್ದು ಇದೇ ಮೊದಲು.

ಭೈರಮ್ಮ ಅವನ ಕೈಗೆ ಒಂದಿಷ್ಟು ಎಲೆಯಡಿಕೆ ಇಟ್ಟಳು. ಅದನ್ನು ಅಗಿದು ಮುಗಿಸುವಷ್ಟರಲ್ಲಿ ಅರಸ ನಿರ್ಧಾರ ಮಾಡಿಯಾಗಿತ್ತು.

"ತಿಪ್ಪರಸ, ಬೊಕ್ಕಸದ ಬೀಗ ತೆಗೆ. ಊರೊಳಗೇ, ಬಾವಿ ಹತ್ತಿರ, ಇವರಿಗೆಲ್ಲ ಮನೆ ಕಟ್ಟಿಸು. ಮುಗಿಯುವ ತನಕ ಇವರು ಇಲ್ಲೇ ಇರಲಿ. ಬೀಗರು ಬಂದರೆ ಬರಲಿ, ನಾನೇ ಪರಿಚಯ ಮಾಡಿಸುತ್ತೇನೆ."

"ಅಪ್ಪಣೆ," ಎಂದ ತಿಪ್ಪರಸ, ಹಲ್ಲು ಕೀಳಿಸಿಕೊಂಡವನಂತೆ.

"ಪ್ರಭು, ಬರೀ ಮನೆ ಸಾಲದು," ಎಂದ ಕೇತಯ್ಯ. "ಈ ಸಿಪಾಯಿಗಳ ಗಾಯ ನೋಡಲು ಒಬ್ಬ ವೈದ್ಯ ಬೇಕು. ಕೂತು ಮಾಡುವ ಕೆಲಸ ಕಲಿಸುವವರು ಬೇಕು. ಕೈಲಾಗದ ಮುದುಕಿಯರಿಗೆ ಗಂಜಿ ಕಾಯಿಸಿಕೊಟ್ಟು, ಹೇಗಿದ್ದೀರಿ ಎಂದು ಕೇಳುವವರೂ ಬೇಕು. ಇಲ್ಲದಿದ್ದರೆ ವರ್ಷದೊಳಗೆ ಮತ್ತೆ ಕೋಟೆ ಬಾಗಿಲಿಗೇ ಬರುತ್ತಾರೆ."

ತಿಪ್ಪರಸನಿಗೆ ತಡೆಯಲಾಗಲಿಲ್ಲ.

"ಇದು ಅತಿಯಾಯಿತು! ನಾಲ್ಕು ಗೋಡೆ, ಮೇಲೊಂದು ಸೂರು. ಬದುಕುವುದಕ್ಕೆ ಮನುಷ್ಯನಿಗೆ ಇನ್ನೇನು ಬೇಕು?"

ಕೇತಯ್ಯ ತಲೆಬಾಗಿ ವಿನಯದಿಂದ ಕೇಳಿದ:

"ನಾಲ್ಕು ಗೋಡೆ, ಮೇಲೊಂದು ಸೂರು ನಮ್ಮ ಸೆರೆಮನೆಯಲ್ಲೂ ಇದೆ, ಭಂಡಾರಿಗಳೇ. ಅಲ್ಲಿ ಎರಡು ಹೊತ್ತು ಊಟವನ್ನೂ ಕೊಡುತ್ತಾರೆ. ತಮಗೊಂದು ಕೋಣೆ ಹೇಳಲೇ?"

ಅರಸ ನಕ್ಕ ರಭಸಕ್ಕೆ ತೂಗುಮಂಚವೇ ಜೋಲಿ ಹೊಡೆಯಿತು. ಭೈರಮ್ಮ ಸರಪಳಿ ಹಿಡಿದುಕೊಂಡು, "ಮೆಲ್ಲಗೆ ನಗಪ್ಪಾ, ಬೀಳ್ತೀವಿ!" ಎಂದಳು. ಅರಸ ತನ್ನ ಜರತಾರಿ ಶಾಲು ತೆಗೆದು ಕೇತಯ್ಯನ ಹೆಗಲಿಗೆ ಹೊದಿಸಿದ. ತಿಪ್ಪರಸ ಯಾರೂ ಹೇಳುವ ಮೊದಲೇ ವೈದ್ಯನನ್ನು ಕರೆತರಲು ಓಡಿದ.