ಜೇಡಕ್ಕೆ ಆರು ಕಾಲು

"ಗುರುಗಳೇ, ಕೇಳಿದವರಿಗೆ ಅರ್ಥವಾಯಿತೋ ಇಲ್ಲವೋ ಎಂಬುದು ಹೇಳಿದವರಿಗೆ ತಿಳಿಯುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಅವಳು ಹಿಂದಿನ ದಿನ ಪಕ್ಕದ ಊರಿನ ಶಾಲೆಯಲ್ಲಿ ಚಂದ್ರಗ್ರಹಣದ ಬಗ್ಗೆ ಮಾತನಾಡಿ ಬಂದಿದ್ದಳು. ಅದು ಅವಳ ಮೊದಲ ಭಾಷಣ. ಮಕ್ಕಳೂ ದೊಡ್ಡವರೂ ತಲೆದೂಗಿದ್ದರು. ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅಷ್ಟು ಚೆನ್ನಾಗಿ ತಿಳಿಸಿ ಹೇಳಿದೆನಲ್ಲ ಎಂದು ಅವಳಿಗೆ ಹಿಗ್ಗು.

ಹೊತ್ತು ಮುಳುಗುವ ಸಮಯ. ಗುರುಗಳು ಜಗಲಿಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕುಳಿತಿದ್ದರು. ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಉಪಾಧ್ಯಾಯನಿದ್ದ. ಊರೂರಿಗೆ ಹೋಗಿ ಜನರಿಗೆ ವಿಜ್ಞಾನ ಹೇಳುವ ಕೆಲಸವನ್ನು ತಾನಾಗಿಯೇ ತಲೆಗೆ ಹಚ್ಚಿಕೊಂಡಿದ್ದ. ಆಗ ಅಂಥದಕ್ಕೆ ಸಂಘಗಳಿರಲಿಲ್ಲ, ಮೇಳಗಳಿರಲಿಲ್ಲ. ಒಂದು ಪೆಟ್ಟಿಗೆಯಲ್ಲಿ ಭೂಗೋಳ, ಭೂತಗನ್ನಡಿ, ಅಯಸ್ಕಾಂತ ಇಟ್ಟುಕೊಂಡು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದ. ಔಷಧಿ ಮಾರುವವನೋ, ಮತ ಕೇಳುವವನೋ ಎಂದು ಮೊದಮೊದಲು ಜನ ದೂರ ನಿಂತು ನೋಡಿದರು. ಆಮೇಲೆ ಹತ್ತಿರ ಬಂದು ಕುಳಿತರು.

ಒಂದು ಶಾಲೆಯಲ್ಲಿ ಹುಳುಹುಪ್ಪಟೆಗಳ ವಿಷಯ ಹೇಳುವಾಗ ಅವನ ಬಾಯಿ ತಪ್ಪಿ "ಜೇಡಕ್ಕೆ ಆರು ಕಾಲು" ಎಂದು ಬಂತು. ಮಕ್ಕಳು ಸ್ಲೇಟಿನ ಮೇಲೆ ಆರು ಎಂದು ಬರೆದುಕೊಂಡರು. ಹೆಡ್‌ಮಾಸ್ತರರು ಎದ್ದು ಮೂರು ಸಲ ಹೇಳಿಸಿದರು. ಅಲ್ಲೇ ಗೋಡೆಯ ಮೂಲೆಯಲ್ಲಿ ಅಂಗೈಯಗಲದ ಜೇಡವೊಂದು ಕಾಲು ಚಾಚಿ ಕುಳಿತಿತ್ತು. ಉಪಾಧ್ಯಾಯ ಅದನ್ನು ಕಂಡು ನಾಚಿ, "ಆರಲ್ಲ, ಎಂಟು" ಎಂದು ತಿದ್ದಿಕೊಂಡ. ಮಕ್ಕಳು ಎಂಜಲು ಹಚ್ಚಿ ಆರನ್ನು ಒರೆಸಿ ಎಂಟು ಎಂದು ಬರೆದರು. ಹೆಡ್‌ಮಾಸ್ತರರು ಅದನ್ನೂ ಮೂರು ಸಲ ಹೇಳಿಸಿದರು. ಗೋಡೆಯ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಹಿಂದಿರುಗುವಾಗ ಅವನ ಎದೆ ಭಾರವಾಗಿತ್ತು. ಆರನ್ನು ನಂಬಿದಷ್ಟೇ ಸುಲಭವಾಗಿ ಅವರು ಎಂಟನ್ನೂ ನಂಬಿದ್ದರು. ತಾನು ಅವರಿಗೆ ಕಲಿಸಿದ್ದೇನು?

ಅಂದಿನಿಂದ ಅವನು ಪ್ರತಿ ಭಾಷಣದಲ್ಲಿಯೂ ಬೇಕೆಂದೇ ಒಂದು ತಪ್ಪು ಹೇಳತೊಡಗಿದ. ಎಂಥವರೂ ಕಣ್ಣಾರೆ ನೋಡಿ ಹಿಡಿಯಬಹುದಾದ ತಪ್ಪು. ಹೇಳಿ ಮುಗಿಸಿ, "ಯಾರಿಗಾದರೂ ಸಂಶಯವುಂಟೇ?" ಎಂದು ಕೇಳಿ ಕಾಯುತ್ತಿದ್ದ. ಯಾರೂ ಏಳದಿದ್ದರೆ ತಾನೇ ತಿದ್ದಿ ಹೇಳದೆ ಊರು ಬಿಡುತ್ತಿರಲಿಲ್ಲ. ಒಂದು ಪುಸ್ತಕದಲ್ಲಿ ನಾಲ್ಕು ಅಂಕಣ ಗೆರೆ ಹಾಕಿಕೊಂಡಿದ್ದ. ಊರು, ದಿನ, ಹೇಳಿದ ತಪ್ಪು, ಎದ್ದವರು.

ಗಾಡಿ ಹೋಗಿ ಬಸ್ಸು ಬಂತು. ಯುವಕರ ಸಂಘಗಳು ಹುಟ್ಟಿದವು, ಶಾಲೆಗಳಲ್ಲಿ ವಿಜ್ಞಾನದ ದಿನ ಎಂದು ಮಾಡಿದರು. ಅವನನ್ನು ಎಲ್ಲೆಡೆ ಕರೆದರು, ಹಾರ ಹಾಕಿದರು. ಹೊದಿಸಿದ ಶಾಲುಗಳಿಂದ ಮನೆಯ ಟ್ರಂಕು ತುಂಬಿತು. ಮೊದಲು ಸ್ಲೇಟು ಹಿಡಿದು ಕುಳಿತಿದ್ದವರು ತಮ್ಮ ಮಕ್ಕಳನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಪುಸ್ತಕಗಳು ಒಂದರ ಮೇಲೊಂದು ತುಂಬಿದವು. ನಾಲ್ಕನೆಯ ಅಂಕಣ ಮಾತ್ರ ಖಾಲಿ ಉಳಿಯಿತು. ಸಾವಿರ ಜನರ ನಡುವೆ ಅವನಂಥ ಒಬ್ಬಂಟಿ ಇನ್ನೊಬ್ಬನಿರಲಿಲ್ಲ.

ಒಂದು ಊರಿನಲ್ಲಿ ಅವನು ಕಡಲೆಕಾಯಿ ಬೇರಿನಲ್ಲಿ ಬಿಡುತ್ತದೆ ಎಂದ. ಯಾರೂ ಏಳಲಿಲ್ಲ. ಬೇರಿನಲ್ಲಲ್ಲ, ಹೂವಿನಿಂದ ಎಳೆ ಇಳಿದು ಮಣ್ಣೊಳಗೆ ಕಾಯಿಯಾಗುತ್ತದೆ ಎಂದು ತಿದ್ದಿ, ಪೆಟ್ಟಿಗೆ ಎತ್ತಿಕೊಂಡು ಹೊರಟ. ಒಬ್ಬ ರೈತ ಹಿಂದೆಯೇ ಬಂದ.

"ಸ್ವಾಮಿ, ಕೊನೆಗಾದರೂ ಸರಿ ಮಾಡಿದಿರಿ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ."

ಉಪಾಧ್ಯಾಯ ನಿಂತುಬಿಟ್ಟ. "ನಿನಗೆ ಗೊತ್ತಿತ್ತೇ?"

"ಗೊತ್ತಿಲ್ಲದೆ ಏನು ಸ್ವಾಮಿ! ಹುಟ್ಟಿದಾಗಿನಿಂದ ಅದನ್ನೇ ಕೀಳುತ್ತಿದ್ದೇನೆ."

"ಮತ್ತೆ ಯಾಕಪ್ಪಾ ಎದ್ದು ಹೇಳಲಿಲ್ಲ?"

"ನಿಮ್ಮ ಪುಸ್ತಕದ ಕಡಲೆಕಾಯಿ ಬೇರೆ ಜಾತಿ ಇರಬಹುದು ಅಂದುಕೊಂಡೆ. ಓದಿದವರು ನೀವು. ಹಾರ ಹಾಕಿ ಕೂರಿಸಿ, ತಪ್ಪು ಅನ್ನುವುದಕ್ಕೆ ಆಗುತ್ತದೆಯೇ?"

ರೈತ ಕೈಮುಗಿದು ಹಿಂದಕ್ಕೆ ಹೋದ. ಉಪಾಧ್ಯಾಯ ದಾರಿಯಲ್ಲೇ ಪೆಟ್ಟಿಗೆಯ ಮೇಲೆ ಕುಳಿತು ಪುಸ್ತಕ ತೆರೆದ. ಗೊತ್ತಿದ್ದೂ ಕುಳಿತೇ ಇದ್ದವರನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಪುಸ್ತಕ ಮುಚ್ಚಿ ಮುಂದಿನ ಊರಿಗೆ ನಡೆದ. ಅಂದು ಹುಣ್ಣಿಮೆ. ಸೂರ್ಯ ಮುಳುಗುತ್ತಿದ್ದ, ಚಂದ್ರ ನೆತ್ತಿಯ ಮೇಲೆ ನಿಂತಿದ್ದ. ಅಷ್ಟು ದೊಡ್ಡ ಬಯಲಿನಲ್ಲಿ ಅವನು ಒಬ್ಬನೇ ಹೋಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆಯ ಕಣ್ಣು ತುಂಬಿತ್ತು.

"ಆಮೇಲಾದರೂ ಯಾರಾದರೂ ಎದ್ದರೇ, ಗುರುಗಳೇ?"

"ಅವನು ಇನ್ನೂ ಕಾಯುತ್ತಿದ್ದಾನೆ."

"ಪಾಪ! ಆ ಜನಕ್ಕೆ ಕಣ್ಣಿರಲಿಲ್ಲವೇ? ನಾನು ಅಲ್ಲಿದ್ದಿದ್ದರೆ ಖಂಡಿತ ಎದ್ದು ನಿಂತು ಹೇಳುತ್ತಿದ್ದೆ."

"ಸಂಶಯವೇನಾದರೂ ಉಂಟೇ?"

"ಇಲ್ಲ, ಗುರುಗಳೇ. ಎಲ್ಲವೂ ಅರ್ಥವಾಯಿತು."

ಗುರುಗಳು ಸ್ವಲ್ಪ ಹೊತ್ತು ಕಾದರು. ಆಮೇಲೆ ಅವಳ ಎದುರಿಗೇ ಇದ್ದ ಕಾಂಪೌಂಡಿನ ಕಡೆ ಕೈ ತೋರಿಸಿದರು. ಗೋಡೆಯಾಚೆ ದುಂಡನೆಯ ಚಂದ್ರ ಆಗಷ್ಟೇ ಹುಟ್ಟಿ ಮೇಲೆ ಬರುತ್ತಿದ್ದ.

"ಇವತ್ತೂ ಹುಣ್ಣಿಮೆಯೇ, ಮಗಳೇ. ನನ್ನ ಕತೆಯ ಚಂದ್ರ ಈ ಹೊತ್ತಿಗೆ ನೆತ್ತಿಯ ಮೇಲೆ ಹೇಗೆ ಬಂದ?"