ಬಾಲದೆಣ್ಣೆಯ ಜಾಹೀರಾತು

ಕಾಡಿನಲ್ಲಿ ಏನೇ ಮಾರುವುದಿದ್ದರೂ ಆಲದ ಕೊಂಬೆ ಹತ್ತಿ ಕೂಗಬೇಕಿತ್ತು. ಅಲ್ಲಿ ತಲೆಕೆಳಗಾಗಿ ನೇತಾಡುವ ಬಾವಲಿಯೇ ಕಾವಲುಗಾರ.

"ನನ್ನ ಎಣ್ಣೆ ಹಚ್ಚಿದರೆ ಬೆಳಗಾಗುವಷ್ಟರಲ್ಲಿ ಬಾಲ ಮೊಳದುದ್ದ ಬೆಳೆಯುತ್ತದೆ!" ಎಂದು ಗೋಸುಂಬೆ ಕೂಗಿತು.

"ಸುಳ್ಳು! ಇಳಿ ಕೆಳಗೆ," ಎಂದಿತು ಬಾವಲಿ.

ಗೋಸುಂಬೆ ಹಸಿರಾಗಿ ಬಂದು ಅದನ್ನೇ ಕೂಗಿತು. ಬಾವಲಿ ಇಳಿಸಿತು. ಕೆಂಪಾಗಿ ಬಂತು, ಆಗಲೂ ಇಳಿಸಿತು.

"ಬಾವಲಿಯಣ್ಣ, ಇಷ್ಟು ಬಣ್ಣ ಬದಲಿಸಿದರೂ ಹೇಗೆ ಗುರುತು ಹಿಡಿದೆ?"

"ಬಣ್ಣ ನನಗೆ ಕಾಣುವುದೇ ಇಲ್ಲ, ಸುಳ್ಳು ಕೇಳಿಸುತ್ತದೆ. ನಿಜಕ್ಕೂ ಆ ಎಣ್ಣೆಯಿಂದ ಏನಾಗುತ್ತದೆ?"

"ಬಾಲಕ್ಕೆ ಹೊಳಪು ಬರುತ್ತದೆ, ಅಷ್ಟೇ."

"ಅದನ್ನೇ ಕೂಗು!"

ಗೋಸುಂಬೆ ಅಳುಕುತ್ತಲೇ ಕೂಗಿತು. ಕೆಳಗಿದ್ದ ಅಳಿಲುಗಳೆಲ್ಲ ಕುಣಿಯುತ್ತಾ ಮುಗಿಬಿದ್ದವು.

"ಮೊದಲೇ ಹೇಳಬಾರದಿತ್ತೇ ಮಾರಾಯ! ನಮಗೆ ಉದ್ದ ಬಾಲ ಇದ್ದೇ ಇದೆ, ಹೊಳಪೇ ಬೇಕಿತ್ತು!"